ಬಲೆಯಿಂದ ಚೆಂಡು ತರುವವನು

ಬಂಗಾರಪೇಟೆಯ ನಮ್ಮ ಮನೆಗೆ ಈಗಲೂ ಆಗಾಗ ಹುಡುಗರು ಬರುತ್ತಾರೆ. ಬಿಳಿ ಅಂಗಿಯ ಇಸ್ತ್ರಿ ಕೆಡದ ಹಾಗೆ ಕುರ್ಚಿಯ ತುದಿಯಲ್ಲಿ ಕೂತು, "ಅಣ್ಣ, ರಾಜಕೀಯಕ್ಕೆ ಬರ್ಬೇಕು ಅಂತ ಐತೆ, ಏನಾದ್ರೂ ಹೇಳಿ" ಅನ್ನುತ್ತಾರೆ. ನಾನು ಮೊದಲು ಕೇಳುವುದು ಒಂದೇ. "ಮಂಡಿ ಚೆನ್ನಾಗೈತಾ?" ಅವರು ನಗುತ್ತಾರೆ. ನಾನು ತಮಾಷೆಗೆ ಕೇಳಿರುವುದಿಲ್ಲ. ಶಾಸಕನ ಕೆಲಸದಲ್ಲಿ ಮುಕ್ಕಾಲು ಪಾಲು ನಿಲ್ಲುವುದೇ. ಮದುವೆ ಮನೆಯಲ್ಲಿ ಹೆಣ್ಣುಗಂಡಿನ ಪಕ್ಕ, ಸಾವಿನ ಮನೆಯಲ್ಲಿ ಹೆಣದ ಪಕ್ಕ, ವಿಧಾನಸೌಧದಲ್ಲಿ ಮಂತ್ರಿಯ ಬಾಗಿಲ ಪಕ್ಕ, ಬೆಳಿಗ್ಗೆ ಎದ್ದರೆ ನಮ್ಮದೇ ಜಗಲಿಯ ಮೇಲೆ. ಬಂದವರು ನಿಂತಿರುವಾಗ ನೀವು ಕೂತರೆ ಅಹಂಕಾರಿ ಅನ್ನುತ್ತಾರೆ. ಹಾಗಾಗಿ ನಾನು ನಿಂತೆ. ಅದಕ್ಕೂ ಮೊದಲು, ಬದುಕಿನ ಒಳ್ಳೆಯ ವರ್ಷಗಳನ್ನೆಲ್ಲ ಎರಡು ಕಂಬಗಳ ನಡುವೆ ನಿಂತು ಕಳೆದಿದ್ದೆ. ನನ್ನನ್ನು ಇಲ್ಲಿ ಜನ ಕರೆಯುವುದೇ ಕೀಪರ್ ಯಲ್ಲಪ್ಪ ಅಂತ.

ಎಷ್ಟು ಸಲ ಗೆದ್ದೆ, ಯಾವ ಸಮಿತಿಯಲ್ಲಿದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದೆಲ್ಲ ಉದ್ಘಾಟನೆಯ ಕಲ್ಲುಗಳ ಮೇಲೆ ಇದೆ, ಅವನ್ನು ಓದುವವರೂ ಇಲ್ಲ. ಕೆಲಸ ನಿಜವಾಗಿ ಹೇಗಿತ್ತು ಅನ್ನುವುದನ್ನಷ್ಟೇ ಹೇಳುತ್ತೇನೆ.

ನಾವು ಮೂಲದಲ್ಲಿ ಬೂದಿಕೋಟೆ ಕಡೆಯವರು. ಊರಿನಲ್ಲಿ ನಮ್ಮ ಕೇರಿಯವರು ಬಾವಿಯ ಹಗ್ಗ ಮುಟ್ಟುವ ಹಾಗಿರಲಿಲ್ಲ. ಅದನ್ನು ತಡೆಯಲಾರದೆ ಅಪ್ಪ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಗೆ ಕೂಲಿಗೆ ಬಂದು, ಉರಿಗಾಂನ ಲೈನಿನಲ್ಲಿ ಒಂದು ಕೋಣೆಯ ಮನೆ ಹಿಡಿದ. ಲೈನ್ ಎಂದರೆ ಗಣಿಯವರು ಕಾರ್ಮಿಕರಿಗೆ ಕಟ್ಟಿಸಿದ ಸಾಲುಮನೆ. ಆ ಸಾಲಿನ ಹಿಂದೆ, ಮೋಟುಗೋಡೆಯಾಚೆ ಒಂದು ಮೈದಾನ. ಹುಲ್ಲಿನ ಹೆಸರಿಲ್ಲ. ಬಿದ್ದರೆ ಮೊಣಕೈಯ ಚರ್ಮ ಅಲ್ಲೇ ಉಳಿಯುತ್ತಿತ್ತು. ಆದರೆ ಅಲ್ಲಿ ಚೆಂಡನ್ನು ಯಾರು ಬೇಕಾದರೂ ಮುಟ್ಟಬಹುದಿತ್ತು. ನನಗೆ ಗೋಲ್‌ಕೀಪರ್ ಆಗುವ ಆಸೆ ಹುಟ್ಟಿದ್ದು ಅದಕ್ಕೇ ಇರಬೇಕು. ಎಲ್ಲರೂ ಕಾಲಲ್ಲಿ ಒದೆಯುವ ಚೆಂಡನ್ನು ಕೈಯಲ್ಲಿ ಹಿಡಿದು ಎದೆಗವಚಿಕೊಳ್ಳಲು ಅವನೊಬ್ಬನಿಗೆ ಮಾತ್ರ ಅಪ್ಪಣೆ.

ನಮ್ಮ ಲೈನಿನ ತಂಡದ ಕ್ಯಾಪ್ಟನ್ ಪಳನಿ. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಗಣಿಯೊಳಗೆ ಡ್ರಿಲ್ ಹಿಡಿಯುವ ಕೆಲಸ, ಮೈದಾನದಲ್ಲಿ ನನ್ನ ಮುಂದೆ ಗೋಡೆಯ ಹಾಗೆ ನಿಲ್ಲುವ ಆಟ. ತಮಿಳಿನವನು. ನನ್ನನ್ನು ತಂಬಿ ಅನ್ನುತ್ತಿದ್ದ, ನಾನು ಅವನನ್ನು ಅಣ್ಣ ಅನ್ನುತ್ತಿದ್ದೆ. ಅವನು ನನಗೆ ಕಲಿಸಿದ್ದು ಎರಡೇ ಕಟ್ಟಳೆ.

"ಡೇ ತಂಬಿ, ಮೇಲಿಂದ ಬಾಲ್ ಬಂದಾಗ ನೀನು 'ನಂದು' ಅಂತ ಕೂಗಿದ್ರೆ ನಾನು ಬಿಟ್ಬಿಡ್ತೀನಿ. ಹಿಂದಕ್ಕೆ ತಿರುಗೂ ನೋಡಲ್ಲ. ಆಮೇಲೆ ಗೋಲಾಯ್ತೋ, ನೀನೇ ಒಳಗೋಗಿ ಬಲೆಯಿಂದ ಬಾಲ್ ತಂದು ನನ್ ಕೈಗೆ ಕೊಡ್ಬೇಕು. ಒದ್ದು ಕಳಿಸಂಗಿಲ್ಲ. ನಡ್ಕೊಂಡ್ ಬರ್ಬೇಕು."

ಬೇರೆ ತಂಡಗಳ ಕೀಪರ್‌ಗಳು ಗೋಲಾದ ಸಿಟ್ಟಿಗೆ ಚೆಂಡನ್ನು ಸೆಂಟರಿನ ಕಡೆ ಒದೆಯುತ್ತಿದ್ದರು. ನಾನು ಮಾತ್ರ ಅಷ್ಟು ಜನರ ಕೂಗಾಟದ ನಡುವೆ ಎರಡೂ ಕೈಯಲ್ಲಿ ಚೆಂಡು ಹಿಡಿದು ನಡೆಯಬೇಕಿತ್ತು. ಮೊದಮೊದಲು ಅಳು ಬರುತ್ತಿತ್ತು. ಪಳನಿ ಕೈ ಚಾಚಿ ಚೆಂಡು ತೆಗೆದುಕೊಳ್ಳುತ್ತಿದ್ದ. ಚೆಂಡು ಅವನ ಕೈಗೆ ಹೋಯಿತೆಂದರೆ ಆ ಗೋಲಿನ ವಿಷಯ ಮುಗಿಯಿತು. ಆಮೇಲೆ ಟೀ ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ ಯಾರೂ ಅದನ್ನು ಎತ್ತುವ ಹಾಗಿರಲಿಲ್ಲ.

ಅಲ್ಲಿಂದ ನನ್ನನ್ನು ಬೆಂಗಳೂರಿನ ಕಾರ್ಖಾನೆಯೊಂದರ ತಂಡ ಕರೆದುಕೊಂಡಿತು, ಆಮೇಲೆ ಕಲ್ಕತ್ತೆಯ ಕ್ಲಬ್ಬೊಂದು. ಆಟವೇ ಸಂಬಳದ ಕೆಲಸವಾಯಿತು. ಕಲ್ಕತ್ತೆಯಲ್ಲಿ ಗೆದ್ದ ದಿನ ಜನ ನಮ್ಮನ್ನು ಹೊತ್ತುಕೊಂಡು ಹೋಗುತ್ತಿದ್ದರು, ಸೋತ ದಿನ ಅದೇ ಜನ ನಮ್ಮ ಬಸ್ಸಿಗೆ ಕಲ್ಲು ಹೊಡೆಯುತ್ತಿದ್ದರು. ಇದು ಮುಂದಿನ ಕೆಲಸಕ್ಕೆ ಬಹಳ ಒಳ್ಳೆಯ ತರಬೇತಿಯಾಗಿತ್ತು. ಒಂದು ಮಳೆಗಾಲದ ಪಂದ್ಯದಲ್ಲಿ ಎದುರಿನವನ ಬೂಟು ನನ್ನ ಬಲಮಂಡಿಗೆ ಬಿತ್ತು, ಆಟ ಅಲ್ಲಿಗೆ ಮುಗಿಯಿತು. ಊರಿಗೆ ಬಂದು ಹುಡುಗರಿಗೆ ಆಟ ಹೇಳಿಕೊಡುತ್ತಿದ್ದೆ. ಅಷ್ಟರಲ್ಲಿ ಗಣಿ ಮುಚ್ಚಿತು. ಗೇಟಿನ ಮುಂದೆ ಧರಣಿ ಕೂತವರಿಗೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಮಾತಾಡುವವನೊಬ್ಬ ಬೇಕಿತ್ತು. ನನಗೆ ಮೂರೂ ಬರುತ್ತಿದ್ದವು, ಬೇರೆ ಕೆಲಸವೂ ಇರಲಿಲ್ಲ. ಹೀಗೆ ನಾನು ನಾಯಕನಾದೆ.

ನನ್ನನ್ನು ಪಕ್ಷಕ್ಕೆ ಕರೆತಂದವರು ಬೆಂಗಳೂರಿನ ಹಿರಿಯರೊಬ್ಬರು. ಹಿಂದೆ ಶಾಲೆಯಲ್ಲಿ ಪಾಠ ಹೇಳಿದ್ದರಿಂದ ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಮೊದಲನೇ ದಿನವೇ ಪಾಠ ಶುರು ಮಾಡಿದರು.

"ನೋಡಪ್ಪ ಯಲ್ಲಪ್ಪ, ಬಂದವರಿಗೆ ಇಲ್ಲ ಅನ್ನಬೇಡ, ಆಗಲ್ಲ ಅನ್ನಬೇಡ. 'ನೋಡೋಣ' ಅನ್ನು. ಅದರಿಂದ ಯಾರೂ ಸತ್ತಿಲ್ಲ."

"ಆಗೋದೇ ಇಲ್ಲ ಅಂತ ಗೊತ್ತಿದ್ರೂ ಹಂಗೇ ಅನ್ಬೇಕಾ ಮೇಷ್ಟ್ರೇ?"

"ಆಗಲೇ ಜಾಸ್ತಿ ಅನ್ನಬೇಕು."

ಹಾಗಾಗಿ ನಾನು ಆ ಮಾತನ್ನು ಬಾಯಿ ಸವೆಯುವ ತನಕ ಅಂದೆ. ನಮ್ಮೂರಲ್ಲಿ ರೈಲು ನಿಲ್ಲಿಸಿ ಅಂದವರಿಗೂ ನೋಡೋಣ, ಮಳೆ ಇಲ್ಲ ಅಂದವರಿಗೂ ನೋಡೋಣ. ಒಂದು ದಿನ ಊಟಕ್ಕೆ ಕೂತಾಗ ಹೆಂಡತಿ ಇನ್ನೊಂದು ಮುದ್ದೆ ಹಾಕಲಾ ಎಂದು ಕೇಳಿದಳು. ನೋಡೋಣ ಅಂದೆ. ಅವಳು ತಟ್ಟೆ ಎತ್ತಿಕೊಂಡು ಹೋದಳು.

ಇನ್ನು ನನ್ನ ಎಡವಟ್ಟುಗಳು. ಫುಟ್‌ಬಾಲ್ ಆಡಿದ ಶಾಸಕ ಅಂದ ಮೇಲೆ ತಾಲ್ಲೂಕಿನ ಯಾವ ಮೂಲೆಯಲ್ಲಿ ಟೂರ್ನಮೆಂಟ್ ಆದರೂ ನನ್ನನ್ನೇ ಕರೆಯುತ್ತಿದ್ದರು. ಚೆಂಡು ಒದ್ದು ಉದ್ಘಾಟಿಸಬೇಕು. ನಾನು ಜೀವಮಾನವಿಡೀ ಚೆಂಡು ತಡೆದವನು, ಒದ್ದವನಲ್ಲ. ಇದನ್ನು ಯಾರಿಗೂ ತಿಳಿಯಹೇಳಲು ಆಗಲಿಲ್ಲ. ಬೂದಿಕೋಟೆ ಹತ್ತಿರದ ಒಂದು ಹಳ್ಳಿಯಲ್ಲಿ ಹಾರ ಹಾಕಿದರು, ವಾದ್ಯ ಬಾರಿಸಿದರು. ಸಂಘಟಕನೊಬ್ಬ ಚೆಂಡನ್ನು ನೆಲದ ಮೇಲೆ ಇಡುವ ಬದಲು ದೂರದಿಂದ ನನ್ನ ಕಡೆ ಜೋರಾಗಿ ಒದ್ದ, ನಾನು ತಿರುಗಿಸಿ ಒದೆಯಲಿ ಎಂದು. ಚೆಂಡು ಬರುತ್ತಿರುವುದು ಕಣ್ಣಿಗೆ ಬಿದ್ದದ್ದಷ್ಟೇ ಗೊತ್ತು. ಮೈ ತಾನಾಗಿ ಪಕ್ಕಕ್ಕೆ ಹಾರಿತು. ಎದ್ದಾಗ ಚೆಂಡು ಎದೆಯಲ್ಲಿತ್ತು, ಬಿಳಿ ಪಂಚೆ ಮಣ್ಣಿಗೆ ಕೆಂಪಾಗಿತ್ತು, ಹಾರ ಹರಿದು ಚೆಲ್ಲಿತ್ತು. ಆಮೇಲೆ ಎದ್ದಂಥ ಚಪ್ಪಾಳೆ ನನ್ನ ಯಾವ ಭಾಷಣಕ್ಕೂ ಬಿದ್ದಿಲ್ಲ. ಮೇಷ್ಟ್ರು ಫೋನು ಮಾಡಿ, "ಶಾಸಕ ಮಣ್ಣಲ್ಲಿ ಉರುಳಬಾರದಪ್ಪ, ಘನತೆ ಇರಲಿ" ಎಂದು ಬೈದರು. ಮಂಡಿ ವಾರವೆಲ್ಲ ಊದಿಕೊಂಡಿತ್ತು. ಆ ಊರಿನ ಮತ ಮಾತ್ರ ಯಾವತ್ತೂ ನನ್ನ ಕೈಬಿಡಲಿಲ್ಲ.

ಆಟದಿಂದ ಈ ಕೆಲಸಕ್ಕೆ ಬಂದ ಉಪಯೋಗ ಒಂದೇ. ಒದೆಯುವವನ ಪಾದ ನೋಡಿದರೆ ಕೀಪರ್ ಮೋಸ ಹೋಗುತ್ತಾನೆ, ಸೊಂಟ ನೋಡಬೇಕು. ಹಾಗೆಯೇ ಅಹವಾಲಿಗೆ ಬಂದ ಗುಂಪಿನಲ್ಲಿ ಮಾತಾಡುವವನನ್ನು ನೋಡಬಾರದು, ಅವನ ಹಿಂದೆ ನಿಂತವರನ್ನು ನೋಡಬೇಕು. ಒಮ್ಮೆ ಒಬ್ಬ ಬೀದಿದೀಪ ಇಲ್ಲವೆಂದು ನನ್ನ ಜಗಲಿಯ ಮೇಲೆ ಗಂಟಲು ಹರಿದುಕೊಳ್ಳುತ್ತಿದ್ದ. ಅವನ ಹಿಂದೆ ಒಬ್ಬ ಅಜ್ಜಿ ಅವನ ಅಂಗಿಯ ತುದಿ ಹಿಡಿದು ನಿಂತಿದ್ದಳು. "ನೀನ್ ಹೇಳವ್ವ" ಅಂದೆ. "ದೀಪ ಯಾರಿಗ್ ಬೇಕಪ್ಪ. ಡೈರೀಲಿ ನನ್ ಹಾಲು ಆಕಿಸ್ಕೊಳ್ತಾ ಇಲ್ಲ. ಸೆಕ್ರೆಟ್ರಿಗೂ ನನ್ ಮಗಂಗೂ ಜಗಳ, ಎಮ್ಮೆ ಏನ್ ಮಾಡೈತೆ?" ಅಂದಳು. ಅದು ಒಂದು ಫೋನಿನಲ್ಲಿ ಮುಗಿಯುವ ಕೆಲಸ, ಮುಗಿಯಿತು. ಇಂಥ ದಿನಗಳು ಕಡಿಮೆ. ಇದ್ದಾಗ ಮಾತ್ರ ರಾತ್ರಿ ಊಟ ರುಚಿಸುತ್ತಿತ್ತು.

ಬರಬರುತ್ತ ಜಗಲಿಯೂ ಬದಲಾಯಿತು. ಜನ ಬರುವುದು ಕಡಿಮೆಯಾಗಿ ಫೋನಿಗೆ ಫೋಟೋ ಬರತೊಡಗಿದವು. ಒಡೆದ ಚರಂಡಿಯ ಫೋಟೋ, ಕೆಟ್ಟ ಬೋರ್‌ವೆಲ್ಲಿನ ಫೋಟೋ. ಫೋಟೋದ ಹಿಂದೆ ಯಾರು ನಿಂತಿದ್ದಾರೆಂದು ನೋಡುವುದು ಹೇಗೆ? ಸಾವಿನ ಮನೆಗೆ ಹೋಗಿ ಹಾರ ಹಾಕಿ ಸುಮ್ಮನೆ ಬಂದರೆ, ಅದರ ಚಿತ್ರ ಯಾಕೆ ಹಾಕಲಿಲ್ಲವೆಂದು ಸತ್ತವರ ಮಕ್ಕಳೇ ಮುನಿಸಿಕೊಳ್ಳುತ್ತಿದ್ದರು. ನನಗೆ ನಿಜವಾದ ದಣಿವು ಶುರುವಾದದ್ದು ಆಗ.

ಮೈದಾನದ ವಿಷಯ ಬಂದದ್ದೂ ಆ ಕಾಲದಲ್ಲೇ. ಉರಿಗಾಂನಲ್ಲಿ ಬಟ್ಟೆ ಹೊಲಿಯುವ ದೊಡ್ಡ ಗಾರ್ಮೆಂಟ್ಸ್ ಕಾರ್ಖಾನೆ ಮಾಡುವುದೆಂದೂ, ಅದಕ್ಕೆ ನಮ್ಮ ಲೈನಿನ ಹಿಂದಿನ ಮೈದಾನವೇ ಜಾಗವೆಂದೂ ಬೆಂಗಳೂರಿನಲ್ಲಿ ತೀರ್ಮಾನವಾಗುತ್ತಿತ್ತು. ಸುದ್ದಿ ಗೊತ್ತಾದ ಬೆಳಿಗ್ಗೆ ಹಳೆಯ ಆಟಗಾರರೆಲ್ಲ ನನ್ನ ಜಗಲಿಗೆ ಬಂದರು. ಒಬ್ಬ ಕೂಗಾಡಿದ, ಒಬ್ಬ ಕೋರ್ಟಿಗೆ ಹೋಗೋಣ ಅಂದ, ಒಬ್ಬ ಬುಲ್ಡೋಜರಿನ ಕೆಳಗೆ ಮಲಗೋಣ ಅಂದ. ನನ್ನ ಕಣ್ಣು ಎಲ್ಲರ ಹಿಂದೆ ನಿಂತಿದ್ದ ಪಳನಿಯ ಮೇಲಿತ್ತು. ಗಣಿಯ ದೂಳು ಅವನ ಎದೆಯಲ್ಲಿ ಕೂತು ಆಗಲೇ ಕೆಮ್ಮು ಹಿಡಿದಿತ್ತು.

"ತಂಬಿ, ಜನ ರೆಡಿ ಅವ್ರೆ. ನಾಳೆಯಿಂದ ಅಲ್ಲೇ ಕೂತ್ಕೊತೀವಿ" ಅಂದ.

ಮೇಷ್ಟ್ರ ಪಾಠದ ಪ್ರಕಾರ ನಾನು ನೋಡೋಣ ಅನ್ನಬೇಕಿತ್ತು. ಪಳನಿಗೆ ಆ ಮಾತು ಹೇಳಲು ನನ್ನ ನಾಲಿಗೆ ಏಳಲಿಲ್ಲ.

"ಬಿಡಣ್ಣ. ನಂದು" ಅಂದೆ.

ಅವನು ನನ್ನ ಮುಖ ನೋಡಿದ. ತಲೆಯಾಡಿಸಿ, "ನಡೀರಪ್ಪ ಮನೆಗೆ. ಕೀಪರ್ ಕೂಗವ್ನೆ" ಎಂದು ಎಲ್ಲರನ್ನೂ ಕರೆದುಕೊಂಡು ಹೊರಟ. ಧರಣಿ ಇಲ್ಲ, ಕೋರ್ಟಿಲ್ಲ. ಗೇಟು ದಾಟುವಾಗ ಅವನು ತಿರುಗಿ ನೋಡಲಿಲ್ಲ.

ನಾನು ಸುಮ್ಮನೆ ಕೂರಲಿಲ್ಲ. ಬೇರೆ ಜಾಗಕ್ಕಾಗಿ ಅಧಿಕಾರಿಗಳ ಜೊತೆ ಗಣಿಯ ಸುತ್ತಮುತ್ತ ಅಲೆದೆ. ಒಂದು ಕಡೆ ಚಿನ್ನ ತೆಗೆದು ಚೆಲ್ಲಿದ ಸೈನೈಡ್ ಮಣ್ಣಿನ ದಿಬ್ಬ, ಗಾಳಿ ಬಂದರೆ ಕಣ್ಣು ಬಿಡಲಾಗದು. ಒಂದು ಕಡೆ ರೈಲ್ವೆಯ ನೆಲ, ಇನ್ನೊಂದು ಕಡೆ ತಳದಲ್ಲಿ ಹಳೆಯ ಸುರಂಗ, ಮೇಲೆ ಕಟ್ಟಿದರೆ ಕುಸಿಯುತ್ತದೆ. ಮಂತ್ರಿಗಳ ಬಾಗಿಲಲ್ಲಿ ನಿಂತೆ, ಸದನದಲ್ಲಿ ಎದ್ದು ನಿಂತು ಮಾತಾಡಿದೆ. ಕೊನೆಗೆ ಮಂತ್ರಿಗಳು ಬೇಸತ್ತು, "ಬೇಡ ಅಂದ್ರೆ ಬೇಡ ಅಂತ ಹೇಳ್ರಿ ಯಲ್ಲಪ್ಪ. ಪಕ್ಕದ ತಾಲ್ಲೂಕಿನವರು ಕೇಳ್ತಾ ಇದ್ದಾರೆ. ನಿಮ್ಮ ಒಂದು ಮಾತು ಸಾಕು" ಅಂದರು. ಬೇಡ ಅಂತಲೇ ಹೇಳುವವನಿದ್ದೆ. ಆದರೂ ಮರುದಿನ ಹೇಳುತ್ತೇನೆ ಎಂದು ಊರಿಗೆ ಬಂದೆ.

ಮರುದಿನ ಭಾನುವಾರ. ಜಗಲಿಯ ತುಂಬ ಹೆಂಗಸರು. ಗಣಿ ಮುಚ್ಚಿದ ಮೇಲೆ ನಮ್ಮ ಲೈನುಗಳ ಹೆಂಗಸರು ಬೆಂಗಳೂರಿನ ಗಾರ್ಮೆಂಟ್ಸ್‌ಗಳಿಗೆ ದಿನಾ ರೈಲಿನಲ್ಲಿ ಹೋಗಿಬರುವವರು. ಮುಂದೆ ನಿಂತಿದ್ದವಳು ಸೆಲ್ವಿ, ಪಳನಿಯ ಸೊಸೆ.

"ಮಾಮ, ಫ್ಯಾಕ್ಟ್ರಿ ಬೇಡ ಅಂತೀರಂತೆ, ನಿಜಾನಾ?"

"ನಿಮ್ ಮಾವನ್ ಕೇಳಿದ್ಯೇನಮ್ಮ?"

"ಅವ್ರನ್ ಏನ್ ಕೇಳೋದು? ನಾವು ಕತ್ತಲಾಗೆ ಎದ್ದು ರೈಲಿಗೆ ಓಡ್ತೀವಿ. ನಿಂತ್ಕೊಂಡೇ ಓಗ್ತೀವಿ, ನಿಂತ್ಕೊಂಡೇ ಬತ್ತೀವಿ. ನಾನು ಓಗೋವಾಗ್ಲೂ ನನ್ ಮಗಳು ಮಲ್ಗಿರ್ತಾಳೆ, ಬರೋವಾಗ್ಲೂ ಮಲ್ಗಿರ್ತಾಳೆ. ಅವ್ಳು ಕಣ್ ಬಿಟ್ಟಿರೋದು ನೋಡೋದು ಭಾನ್ವಾರ ಮಾತ್ರ."

"ಅದು ಬರೀ ಜಾಗ ಅಲ್ಲಮ್ಮ. ನಮ್ಗೆಲ್ಲ ಮನುಷ್ಯರು ಅಂತ ಹೆಸ್ರು ಬಂದಿದ್ದೇ ಆ ಗ್ರೌಂಡಿಂದ."

"ನಿಮ್ಗೆ ಬಂತು ಮಾಮ. ನಾವು ಯಾವತ್ತಾದ್ರೂ ಅದ್ರೊಳಗೆ ಕಾಲಿಟ್ಟಿದ್ದೀವಾ? ನಮ್ಮತ್ತೆ ಮಾವಂಗೆ ಊಟ ತಂದ್ರೆ ಗೋಡೆ ಆಚೆಯಿಂದಾನೇ ಕೊಟ್ಟು ಓಗ್ತಿದ್ರಂತೆ."

ಅವಳು ಜಗಳಕ್ಕೆ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದಳು. ಊರಿನ ಬಾವಿಯ ಹಗ್ಗ ನನಗೆ ನೆನಪಾಯಿತು. ಅಷ್ಟು ವರ್ಷ ಆ ಮೈದಾನದಲ್ಲಿ ನಿಂತವನ ಕಣ್ಣಿಗೆ ಗೋಡೆಯಾಚೆ ನಿಂತವರು ಒಮ್ಮೆಯೂ ಬಿದ್ದಿರಲಿಲ್ಲ. ಹಿಂದೆ ನಿಂತವರನ್ನು ನೋಡಬೇಕೆಂದು ಊರಿಗೆಲ್ಲ ಹೇಳುವವನು ನಾನೇ.

ಆ ಮಧ್ಯಾಹ್ನ ಮಂತ್ರಿಗಳಿಗೆ ಫೋನು ಮಾಡಿ, ಕಾರ್ಖಾನೆ ಬರಲಿ ಅಂದೆ. ಅದು ಸರಿಯಾದ ತೀರ್ಮಾನವೆಂದು ಅವತ್ತೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ. ಸರಿಯಾದದ್ದು ಮಾಡಿದರೆ ಮನಸ್ಸು ಹಗುರಾಗುತ್ತದೆ ಎಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ.

ಪೇಪರಿನಲ್ಲಿ ಬರುವ ಮೊದಲು ನಾನೇ ಹೇಳಬೇಕೆಂದು ಸಂಜೆ ಪಳನಿಯ ಮನೆಗೆ ನಡೆದು ಹೋದೆ. ಕಾರನ್ನು ಲೈನಿನ ಆಚೆಯೇ ಬಿಟ್ಟಿದ್ದೆ. ಅವನು ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಹೇಳುವಾಗ ನನ್ನ ಎರಡೂ ಕೈ ಮುಂದಕ್ಕೆ ಬಂದಿದ್ದವು, ಚೆಂಡು ಹಿಡಿದವನ ಹಾಗೆ. ಅದನ್ನು ಅವನೂ ಗಮನಿಸಿದ. ತನ್ನ ಕೈಗಳೆರಡನ್ನೂ ಕಂಕುಳಿಗೆ ಸಿಕ್ಕಿಸಿಕೊಂಡ.

"ನೀನು ಕೂಗ್ದೆ, ನಾನು ಬಿಟ್ಟೆ" ಅಂದ. ಸ್ವಲ್ಪ ಹೊತ್ತು ಕೆಮ್ಮಿದ. "ಹೇಳಿ ಆಯ್ತಲ್ಲ. ಓಗಿ ಎಮ್ಮೆಲ್ಲೆ ಸಾರ್, ನಿಮ್ಗೆ ಬೇರೆ ಕೆಲ್ಸ ಇರ್ತವೆ."

ಸಾರ್ ಅಂದದ್ದು ನನ್ನನ್ನು ಕೊಂದಂತಾಯಿತು. ಗೋಲು ಬಿಟ್ಟುಕೊಟ್ಟು ಎಷ್ಟೋ ಸಲ ಅವನ ಮುಂದೆ ನಡೆದಿದ್ದೆ, ಅವನು ಕೈ ಚಾಚದೆ ಇದ್ದದ್ದು ಅದೊಂದೇ ಸಲ.

ಕಾರ್ಖಾನೆ ಬಂತು. ಗುದ್ದಲಿಪೂಜೆಯ ದಿನ ವೇದಿಕೆಯ ಮೇಲೆ ನಾನೂ ನಿಂತಿದ್ದೆ, ನಿಲ್ಲಲೇಬೇಕಿತ್ತು. ಮುಂದಿನ ಚುನಾವಣೆಯಲ್ಲಿ ಸೋತೆ. ಮೈದಾನ ಕೊಟ್ಟಿದ್ದಕ್ಕೆ ಸೋತೆನೆಂದು ಕೆಲವರು, ದುಡಿಯುವ ಹೆಂಗಸರ ಮತ ಬರದಿದ್ದರೆ ಇನ್ನೂ ಹೀನಾಯವಾಗಿ ಸೋಲುತ್ತಿದ್ದೆನೆಂದು ಕೆಲವರು. ನನಗೆ ವಿಚಾರಿಸುವ ಉಮೇದೂ ಇರಲಿಲ್ಲ. ಮೇಷ್ಟ್ರು ತೀರಿಕೊಂಡಿದ್ದರು. ಇನ್ನು ಟಿಕೆಟ್ ಬೇಡವೆಂದು ಪಕ್ಷಕ್ಕೆ ಹೇಳಿದೆ, ಅವರು ಬಹಳ ಒತ್ತಾಯ ಮಾಡಲಿಲ್ಲ. ಹಳೆಯ ಆಟಗಾರರು ಒಬ್ಬೊಬ್ಬರೇ ಹೋಗುತ್ತಿದ್ದರು. ಅವರ ಸಾವಿನ ಮನೆಗಳಲ್ಲಿ ಪಳನಿ ಹೆಣದ ಆ ಕಡೆ, ನಾನು ಈ ಕಡೆ. ಕುರ್ಚಿ ಹೋದದ್ದಕ್ಕೆ ನಾನು ಕೊರಗಿದವನಲ್ಲ. ಪಳನಿಯ ಜೊತೆ ಮಾತಿಲ್ಲದೆ ಹೋಗಿಬಿಡುತ್ತೇನಲ್ಲ ಎಂಬ ಸಂಕಟ ಮಾತ್ರ ಬೆಳಿಗ್ಗೆ ಎದ್ದ ಕೂಡಲೇ ಇರುತ್ತಿತ್ತು.

ಹೋದ ವರ್ಷ ಸೆಲ್ವಿ ಫೋನು ಮಾಡಿದಳು. "ಮಾಮ, ಫ್ಯಾಕ್ಟ್ರಿ ಹೆಂಗಸ್ರೆಲ್ಲ ಸೇರಿ ಫುಟ್‌ಬಾಲ್ ಆಡ್ತಾ ಇದ್ದೀವಿ. ಭಾನ್ವಾರ ಮ್ಯಾಚು. ನೀವ್ ಬರ್ಲೇಬೇಕು."

ಹೋದೆ. ಕಾರ್ಖಾನೆಯ ಹಿಂದೆ ಲಾರಿಗಳು ನಿಲ್ಲುವ ಒಂದಷ್ಟು ಬಯಲು ಉಳಿದಿತ್ತು. ಅದರ ತುದಿಯಲ್ಲಿ ನಮ್ಮ ಕಾಲದ ಗೋಲು ಕಂಬ, ತುಕ್ಕು ಹಿಡಿದ ಅದೇ ಕಬ್ಬಿಣದ ಪೈಪು. ಟೊಮೆಟೊ ತೋಟಕ್ಕೆ ಕಟ್ಟುವ ಹಸಿರು ಬಲೆಯನ್ನು ಅದಕ್ಕೆ ಬಿಗಿದಿದ್ದರು. ಚೂಡಿದಾರದ ಮೇಲೆ ಬನಿಯನ್ ತೊಟ್ಟ ಹೆಂಗಸರು ಆಗಲೇ ಓಡಾಡುತ್ತಿದ್ದರು. ಈಚೆ ಶೀಟಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಅವುಗಳಲ್ಲೊಂದರಲ್ಲಿ ಪಳನಿ. ಬಡಕಲಾಗಿದ್ದ. ನನ್ನನ್ನು ನೋಡಿ ಬೇರೆ ಕಡೆ ತಿರುಗಿದ.

ಈಗಿನ ಶಾಸಕರು ಉದ್ಘಾಟನೆಗೆ ಬರುವವರಿದ್ದರು. ಬಿಸಿಲೇರಿದರೂ ಬರಲಿಲ್ಲ. ಅವರು ಎಲ್ಲಿ ನಿಂತಿರುತ್ತಾರೆಂದು ನನಗೆ ಗೊತ್ತಿದ್ದರಿಂದ ಕೋಪ ಬರಲಿಲ್ಲ. ಕೊನೆಗೆ ಸೆಲ್ವಿ ಚೆಂಡು ತಂದು ನನ್ನ ಕಾಲ ಮುಂದೆ ಇಟ್ಟಳು.

"ನೀವೇ ಒದ್ದು ಶುರು ಮಾಡಿ ಮಾಮ."

ನಾನು ಮಂಡಿ ಹಿಡಿದುಕೊಂಡು ಏಳುತ್ತಿದ್ದೆ. ಆಗ ನೆರಳಿನಿಂದ ಆ ದನಿ ಕೇಳಿಸಿತು.

"ಏನಮ್ಮ ಸೆಲ್ವಿ, ಅವ್ನು ಒದೆಯೋನಲ್ಲ. ಕೀಪರ್. ಓಗಿ ಅಲ್ಲಿ ನಿಲ್ಸು ಅವ್ನ. ನೀನ್ ಒದಿ."

ಹೋಗಿ ಕಂಬಗಳ ನಡುವೆ ನಿಂತೆ. ಸೆಲ್ವಿ ಹಿಂದೆ ಸರಿದು ಓಡಿ ಬಂದಳು. ಅವಳ ಸೊಂಟ ಎಡಕ್ಕೆ ತಿರುಗಿದ್ದು ಕಂಡಿತು. ಚೆಂಡು ಎಲ್ಲಿಗೆ ಬರುತ್ತದೆಂದು ಕಣ್ಣಿಗೆ ಗೊತ್ತಾಯಿತು, ಮಂಡಿಗೆ ಗೊತ್ತಾಗಲಿಲ್ಲ. ಅದು ನನ್ನ ಕೈ ಪಕ್ಕದಲ್ಲೇ ಹೋಗಿ ಹಸಿರು ಬಲೆಗೆ ಬಿತ್ತು. ಹೆಂಗಸರೆಲ್ಲ ಕೇಕೆ ಹಾಕಿದರು, ಸೆಲ್ವಿ ಎರಡೂ ಕೈ ಮೇಲೆತ್ತಿ ಕುಣಿದಳು.

ನಾನು ಒಳಗೆ ಹೋಗಿ ಬಗ್ಗಿ ಚೆಂಡು ಎತ್ತಿಕೊಂಡೆ. ಒದೆಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಬಿಸಿಲಿನಲ್ಲಿ ಆ ಬಯಲು ದಾಟಿ, ಪಳನಿಯ ಕುರ್ಚಿಯ ಮುಂದೆ ಹೋಗಿ ನಿಂತೆ. ಅವನ ಕೈಗಳು ಕಂಕುಳಲ್ಲಿದ್ದವು. ಚೆಂಡು ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ಅವನು ಕೈಗಳನ್ನು ಹೊರಗೆ ತೆಗೆದು ಚೆಂಡು ತೆಗೆದುಕೊಂಡ. ಲುಂಗಿಯ ತುದಿಯಿಂದ ಅದರ ಮಣ್ಣು ಒರೆಸಿ ಸೆಲ್ವಿಯ ಕಡೆ ಚಾಚಿದ.

"ತಕ್ಕೋಮ್ಮ, ಸೆಂಟರ್‌ನಾಗಿಡು. ಆಡ್ರಿ."

ಅವಳು ಓಡಿದಳು. ಅವನು ಪಕ್ಕದ ಕುರ್ಚಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದ.

"ಕೂತ್ಕೋ ತಂಬಿ" ಅಂದ. "ನಿಂತಿದ್ದು ಸಾಕು."

ನಾನು ಕೂತೆ.